ಹೂಂರಾಯನ ಹನ್ನೊಂದನೇ ಪುಟ

ಹೆದರಿಕೊಳ್ಳುವುದಕ್ಕೂ ಒಂದು ಯೋಗ್ಯತೆ ಬೇಕು. ಹಾವು ಕಂಡರೆ ಯಾರು ಬೇಕಾದರೂ ಹೆದರುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ? ನಮ್ಮ ಹೂಂರಾಯ ಹಗ್ಗ ಕಂಡು ಹೆದರಿ, ಅದು ಹಗ್ಗವೇ ಅಂತ ಖಾತ್ರಿಯಾದ ಮೇಲೆ, ಇದನ್ನ ಇಲ್ಲಿ ಯಾರು ತಂದಿಟ್ಟರು, ಯಾಕೆ ತಂದಿಟ್ಟರು ಅಂತ ಇನ್ನೊಂದು ಸುತ್ತು ಹೆದರುವ ಪೈಕಿ. ಬಾಗಿಲು ಬಡಿದರೆ ಹೆದರಿಕೆ, ಬಡಿಯದೆ ಒಳಗೆ ಬಂದರೆ ಇನ್ನೂ ಹೆದರಿಕೆ. ಫೋನು ಬಂದರೆ ಏನು ಗ್ರಹಚಾರವೋ ಅಂತ, ಬಾರದಿದ್ದರೆ ಏನು ಮುಚ್ಚಿಡುತ್ತಿದ್ದಾರೋ ಅಂತ.

ಹೀಗಿರುವವನು ನಾಲ್ಕು ಜನರ ನಡುವೆ ಬದುಕಬೇಕಾದರೆ ಕೈಯಲ್ಲಿ ಏನಾದರೂ ಆಯುಧ ಬೇಕಲ್ಲ? ಅವನ ಆಯುಧ 'ಹೂಂ'. "ಇವತ್ತು ಸೆಕೆ ಜಾಸ್ತಿ" ಅಂದರೆ ಹೂಂ. "ಎಲ್ಲಿ ಸೆಕೆ, ಚಳಿ ಅಲ್ವಾ?" ಅಂದರೆ ಅದಕ್ಕೂ ಹೂಂ. ಹೂಂ ಅಂದವನ ಮೇಲೆ ಯಾರೂ ಕೈ ಎತ್ತುವುದಿಲ್ಲ ಎಂಬ ಸತ್ಯವನ್ನು ಅವನು ಶಾಲೆಯ ಬೆಂಚಿನ ಮೇಲೇ ಕಂಡುಕೊಂಡಿದ್ದ. ಆ ಸತ್ಯವೇ ಅವನನ್ನು ಇಷ್ಟು ದೂರ ಸಾಕಿಕೊಂಡು ಬಂದಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ.

ಇಂಥ ಪ್ರಾಣಿಗೆ ಹೊಟ್ಟೆಪಾಡು ಒದಗಿದ್ದೆಲ್ಲಿ ಅನ್ನುತ್ತೀರಿ? ಲಿಫ್ಟುಗಳನ್ನು ತಪಾಸಣೆ ಮಾಡುವ ಸರ್ಕಾರಿ ಕಚೇರಿಯಲ್ಲಿ. ಹುದ್ದೆ ಸಹಾಯಕ ಇನ್ಸ್‌ಪೆಕ್ಟರ್. ನಿಯಮ ಬಹಳ ಸರಳ. ಹೊಸ ಲಿಫ್ಟು ಜನ ಹತ್ತುವುದಕ್ಕೆ ಯೋಗ್ಯ ಅಂತ ಹೇಳುವ ಮುಂಚೆ ಸಹಾಯಕ ಇನ್ಸ್‌ಪೆಕ್ಟರು ಅದರೊಳಗೆ ಮರಳಿನ ಮೂಟೆಗಳನ್ನು ಪೂರಾ ತೂಕಕ್ಕೆ ತುಂಬಿಸಬೇಕು. ತಾನೂ ಆ ಮೂಟೆಗಳ ಜೊತೆ ನಿಂತು ತುದಿ ಮಹಡಿಗೆ ಹೋಗಿ ಬರಬೇಕು. ಬಂದ ಮೇಲೆ 'ಸ್ವತಃ ಹತ್ತಿ ಇಳಿದು ಪರೀಕ್ಷಿಸಿದ್ದೇನೆ' ಅಂತ ಬರೆದು ಸಹಿ ಹಾಕಬೇಕು.

ಹೂಂರಾಯ ಸಹಿ ಹಾಕುತ್ತಿದ್ದ. ಮೂಟೆ ತುಂಬಿಸುತ್ತಿದ್ದ. ಹತ್ತುತ್ತಿರಲಿಲ್ಲ, ಅಷ್ಟೇ.

ಅವನ ಪದ್ಧತಿಯೇ ಬೇರೆ. ಮೂಟೆ ತುಂಬಿಸಿ, ಕೈ ಮಾತ್ರ ಒಳಗೆ ಚಾಚಿ ಗುಂಡಿ ಒತ್ತಿ, ಕೈಯನ್ನು ಸರಕ್ಕನೆ ಹೊರಗೆಳೆದುಕೊಂಡು, ಮೆಟ್ಟಿಲ ಮೇಲೆ ಓಟ. ತುದಿ ಮಹಡಿಯಲ್ಲಿ ಏದುಸಿರು ಬಿಡುತ್ತಾ ನಿಂತು, ಬಾಗಿಲು ತೆರೆದಾಗ ಮೂಟೆಗಳ ಯೋಗಕ್ಷೇಮ ವಿಚಾರಿಸಿ, ಮತ್ತೆ ಗುಂಡಿ ಒತ್ತಿ ಕೆಳಕ್ಕೆ ಓಟ. ಮೂಟೆಗಳು ಸುಖವಾಗಿ ಬಂದರೆ ಲಿಫ್ಟು ಪಾಸು. ಜೊತೆಗೆ ಬರುತ್ತಿದ್ದ ಮಿಸ್ತ್ರಿ, ಇದು ಯಾವುದೋ ದೊಡ್ಡ ತರಬೇತಿಯಲ್ಲಿ ಕಲಿತು ಬಂದ ವಿಧಾನ ಅಂತ ತಿಳಿದು ಸುಮ್ಮನಿದ್ದ. ಇಷ್ಟು ವರ್ಷವಾದರೂ ಹೂಂರಾಯನ ಮೈಮೇಲೆ ಒಂದು ಹಿಡಿ ಕೊಬ್ಬಿಲ್ಲ. ಆಫೀಸಿನವರು ಅದನ್ನು ಶಿಸ್ತು ಅನ್ನುತ್ತಿದ್ದರು.

ಈ ಸುಖಸಂಸಾರದೊಳಗೆ ಒಂದು ಕಾದಂಬರಿ ನುಗ್ಗಿತು ನೋಡಿ.

ತಂದವರು ಭಾವ, ಅಂದರೆ ಹೆಂಡತಿಯ ಅಣ್ಣ. ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿ ನಿವೃತ್ತರಾದವರು. ಕಲಿಸುವ ಕೆಲಸ ಹೋದರೂ ಕಲಿಸುವ ಚಟ ಹೋಗದೆ ಒಂದು ಓದುಗರ ಬಳಗ ಕಟ್ಟಿಕೊಂಡಿದ್ದರು. ತಂಗಿಯ ಗಂಡನ ಬಗ್ಗೆ ಅವರ ಅಭಿಪ್ರಾಯ ಮದುವೆಯಾದ ವಾರದಲ್ಲೇ ತಯಾರಾಗಿತ್ತು: "ನಮ್ಮ ಹುಡುಗಿಯನ್ನ ಒಂದು ತಲೆಯಾಡಿಸೋ ಬೊಂಬೆಗೆ ಕೊಟ್ವಿ." ಅದನ್ನು ಅವರು ತಂಗಿಯ ಎದುರಿಗೇ ಹೇಳುತ್ತಿದ್ದರು. ಅವಳು ಪ್ರತಿ ಸಲವೂ ಎದ್ದು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆಯುತ್ತಿದ್ದಳು.

ಆ ದಿನ ಭಾವ ಒಂದು ದಪ್ಪ ಪುಸ್ತಕವನ್ನು ಎದೆಗವಚಿಕೊಂಡು ಬಂದು ಕೂತರು.

"ವ್ಯಕ್ತಿ ಅಂದ್ರೇನು, ಸಮಾಜ ಅಂದ್ರೇನು, ಮನುಷ್ಯನ ಪ್ರಾಮಾಣಿಕತೆಗೆ ಬುಡ ಎಲ್ಲಿದೆ, ಎಲ್ಲಾ ಇದರಲ್ಲಿದೆ ಕಣಮ್ಮ. ನಮ್ಮ ಬಳಗದಲ್ಲಿ ಒಬ್ಬರೂ ಪೂರ್ತಿ ಓದಿಲ್ಲ, ಛೆ!" ಅಂತ ನಿಟ್ಟುಸಿರು ಬಿಟ್ಟು, ಗೋಡೆಯನ್ನು ಕೇಳುವ ಹಾಗೆ ಹೂಂರಾಯನನ್ನು ಕೇಳಿದರು, "ನೀನಂತೂ ಓದಿರಲ್ಲ ಬಿಡು. ಓದಿದೀಯಾ?"

"ಹೂಂ," ಅಂದ ಹೂಂರಾಯ. ಅವನು ಕೇಳಿಸಿಕೊಂಡದ್ದು 'ಬಿಡು' ಅನ್ನುವವರೆಗೆ ಮಾತ್ರ.

ಭಾವ ನೆಟ್ಟಗೆ ಕೂತರು. "ಪೂರ್ತಿ?"

"ಹೂಂ."

"ತಮಾಷೆ ಮಾಡ್ಬೇಡ. ಅರ್ಥ ಆಗೋಕೆ ಎರಡು ಸಲ ಓದ್ಬೇಕು ಇದನ್ನ."

"ಹೂಂ."

"ಎರಡು ಸಲ ಓದಿದೀಯಾ?"

ಇಷ್ಟು ದೂರ ಬಂದವನು ಇನ್ನು ಯಾವ ದಾರಿಯಲ್ಲಿ ಹಿಂದಕ್ಕೆ ಹೋದಾನು? "ಹೂಂ," ಅಂದ.

ಭಾವ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. "ನೀವು... ನೀವು ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಅಂದರು. ಮದುವೆಯಾದ ಮೇಲೆ ಮೊಟ್ಟಮೊದಲ ಬಾರಿಗೆ 'ನೀನು' ಹೋಗಿ 'ನೀವು' ಬಂದಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. "ಬರೋ ಭಾನುವಾರ ಬಳಗದಲ್ಲಿ ಈ ಕಾದಂಬರಿಯ ರಸಗ್ರಹಣ ನಿಮ್ಮದೇ. ನಾನು ಅಧ್ಯಕ್ಷ, ನೀವು ಭಾಷಣಕಾರರು!"

ಹೂಂರಾಯ ಹೆಂಡತಿಯ ಮುಖ ನೋಡಿದ. ಆ ಮುಖದಲ್ಲಿ ಅಂಥ ಬೆಳಕನ್ನು ಅವನು ಯಾವತ್ತೂ ಕಂಡಿರಲಿಲ್ಲ. ಇದನ್ನು ಆರಿಸಿದರೆ ನಾನು ಮನುಷ್ಯನಲ್ಲ ಅಂದುಕೊಂಡ. ಆದರೆ ಆರದ ಹಾಗೆ ಕಾಯುವುದು ಹೇಗೆ?

ಓದದೆ ವಿಧಿಯಿರಲಿಲ್ಲ. ಭಾವ 'ಇನ್ನೊಮ್ಮೆ ಕಣ್ಣಾಡಿಸಿ' ಅಂತ ಪುಸ್ತಕವನ್ನು ಅಲ್ಲೇ ಬಿಟ್ಟುಹೋಗಿದ್ದರು. ಅವತ್ತೇ ಸಂಜೆ ಬಾಗಿಲು ಹಾಕಿಕೊಂಡು ಶುರು ಮಾಡಿದ. ಕಥೆ ಒಬ್ಬ ಗಂಟೆ ಎರಕ ಹೊಯ್ಯುವವನದು. ಒಂದು ಪಟ್ಟಣದವರು ತಮ್ಮ ಗೋಪುರಕ್ಕೆ ದೊಡ್ಡ ಗಂಟೆ ಮಾಡಿಸುತ್ತಾರೆ. ಊರಿನ ಹಿರಿಯರು ಬಂದು, "ಸ್ವಲ್ಪ ಸೀಸ ಬೆರೆಸಿ ಬೇಗ ಮುಗಿಸಿಬಿಡು. ನೋಡೋಕೆ ಹಾಗೇ ಇರುತ್ತೆ, ಯಾರಿಗೂ ಗೊತ್ತಾಗಲ್ಲ," ಅನ್ನುತ್ತಾರೆ. ಹನ್ನೊಂದನೇ ಪುಟದ ಕೊನೆಯ ಸಾಲಿನಲ್ಲಿ ಅವನು ಕುಲುಮೆಯಿಂದ ತಲೆ ಎತ್ತಿ ಒಂದೇ ಮಾತು ಹೇಳುತ್ತಾನೆ: "ಒಲ್ಲೆ."

ಹೂಂರಾಯ ಪುಸ್ತಕವನ್ನು ಫಟ್ ಅಂತ ಮುಚ್ಚಿದ.

"ಅಯ್ಯಯ್ಯೋ! ಒಲ್ಲೆ ಅಂದ್ಬಿಟ್ನಲ್ಲಪ್ಪ! ಹಿರಿಯರ ಮುಖಕ್ಕೇ ಅಂದ್ಬಿಟ್ನಲ್ಲ!" ಆ ಬಡಪಾಯಿಗೆ ಇನ್ನೇನು ಗತಿ ಕಾದಿದೆಯೋ! ಊರು ಬಿಡಿಸುತ್ತಾರೋ, ಕುಲುಮೆಗೇ ತಳ್ಳುತ್ತಾರೋ? ಎದ್ದು ಒಂದು ಲೋಟ ನೀರು ಕುಡಿದು ಬಂದು ಮತ್ತೆ ಮೊದಲನೇ ಪುಟದಿಂದ ಓದಿದ, ಈ ಸಲವಾದರೂ ಅವನಿಗೆ ಬುದ್ಧಿ ಬಂದೀತೇ ಅಂತ. ಬರಲಿಲ್ಲ. ಹನ್ನೊಂದನೇ ಪುಟದಲ್ಲಿ ಮತ್ತೆ ಒಲ್ಲೆ ಅಂದ. ಹೂಂರಾಯ ಮತ್ತೆ ಮುಚ್ಚಿದ. ಪುಟ ತಿರುಗಿಸುವ ಧೈರ್ಯ ಮಾತ್ರ ಬರಲಿಲ್ಲ. ಈ ಲೋಕದಲ್ಲಿ ಆ ಕಾದಂಬರಿಯನ್ನು ಇಷ್ಟು ಮನಸಾರೆ ಓದಿದವನು ಇನ್ನೊಬ್ಬನಿರಲಾರ. ಓದಿದ್ದು ಹನ್ನೊಂದೇ ಪುಟ ಅನ್ನುವುದು ಬೇರೆ ಮಾತು.

ಮನೆಯಲ್ಲಿ ಸಾಗದ್ದು ಆಫೀಸಿನ ಬೆಳಕಿನಲ್ಲಿ, ನಾಲ್ಕು ಜನರ ನಡುವೆ ಸಾಗಬಹುದು ಅಂತ ಪುಸ್ತಕವನ್ನು ಮಾರನೆಯ ದಿನ ಕಚೇರಿಗೆ ಒಯ್ದ. ಮೇಜಿನ ಮೇಲಿಟ್ಟು, ಎರಡೂ ಕೈಯಿಂದ ತಲೆ ಹಿಡಿದುಕೊಂಡು, ಹನ್ನೊಂದನೇ ಪುಟವನ್ನೇ ನೋಡುತ್ತಾ ಕೂತ. ಆ ಹೊತ್ತಿಗೆ ದೊಡ್ಡ ಇನ್ಸ್‌ಪೆಕ್ಟರು ಆ ಕಡೆ ಬಂದರು.

ದೊಡ್ಡ ಇನ್ಸ್‌ಪೆಕ್ಟರ ದೇಹವೂ ದೊಡ್ಡದು, ದನಿಯೂ ದೊಡ್ಡದು, ಪುಕ್ಕಲುತನ ಅದಕ್ಕಿಂತ ದೊಡ್ಡದು. ಅದನ್ನು ದನಿಯಲ್ಲಿ ಮುಚ್ಚಿಟ್ಟುಕೊಂಡಿದ್ದರು. ಹಿಂದಿನ ವಾರವಷ್ಟೇ ಒಬ್ಬ ಕಂತ್ರಾಟುದಾರನ ಹೊಸ ಹತ್ತು ಮಹಡಿ ಕಟ್ಟಡದ ಲಿಫ್ಟನ್ನು "ಬೇಗ ಮುಗ್ಸಿ ಬನ್ರೀ, ನಮ್ಮವರೇ ಅವರು" ಅಂತ ಹೂಂರಾಯನಿಂದ ಪಾಸು ಮಾಡಿಸಿದ್ದರು.

"ಏನ್ರೀ ಅದು?"

"ಕಾದಂಬರಿ ಸಾರ್." ಹೂಂರಾಯ ಎದ್ದು ನಿಂತ.

"ಏನಿದೆ ಅದ್ರಲ್ಲಿ?"

"ಊರಿನ ದೊಡ್ಡೋರು ಬಂದು ಸೀಸ ಬೆರೆಸು ಅಂತಾರೆ ಸಾರ್. ಯಾರಿಗೂ ಗೊತ್ತಾಗಲ್ಲ, ಬೇಗ ಮುಗಿಸು ಅಂತಾರೆ."

ದೊಡ್ಡ ಇನ್ಸ್‌ಪೆಕ್ಟರ ದನಿ ಸ್ವಲ್ಪ ಸಣ್ಣದಾಯಿತು. "ಯಾವ ದೊಡ್ಡೋರು?"

"ದೊಡ್ಡೋರು ಸಾರ್. ಮೇಲಿನೋರು."

"ಅವನೇನಂತಾನೆ?"

"ಒಲ್ಲೆ ಅಂತಾನೆ ಸಾರ್." ಹೇಳುವಾಗ ಹೂಂರಾಯನ ಕಣ್ಣಲ್ಲಿ ನೀರು ಬಂತು.

"ಆಮೇಲೆ? ಆಮೇಲೆ ಏನ್ಮಾಡ್ತಾನೆ?"

"ಅದನ್ನೇ ಯೋಚನೆ ಮಾಡ್ತಿದೀನಿ ಸಾರ್. ಮುಂದಕ್ಕೆ ಹೋಗೋಕೆ ಇನ್ನೂ ಧೈರ್ಯ ಬಂದಿಲ್ಲ."

ದೊಡ್ಡ ಇನ್ಸ್‌ಪೆಕ್ಟರು ತಮ್ಮ ಕೋಣೆಗೆ ಹೋಗಿ ಫ್ಯಾನು ಜೋರು ಮಾಡಿಕೊಂಡರು. ಟೈಪಿಸ್ಟಮ್ಮನನ್ನು ಒಳಗೆ ಕರೆದು ಪಿಸುಗುಟ್ಟಿದರು, "ಹೂಂರಾಯನಿಗೆ ಏನಾಗಿದೆ?"

ಟೈಪಿಸ್ಟಮ್ಮ ಕಡ್ಡಿಯನ್ನು ಗುಡ್ಡ ಮಾಡುವುದರಲ್ಲಿ ಎತ್ತಿದ ಕೈ. "ಸಾರ್, ಬೆಳಿಗ್ಗೆಯಿಂದ ಒಂದೇ ಪುಟ ನೋಡ್ತಿದಾರೆ. ಭಾನುವಾರ ಯಾವುದೋ ಸಭೇಲಿ ಅದರ ಬಗ್ಗೆ ಮಾತಾಡ್ತಾರಂತೆ. ಒಂದು ಸಲ 'ಇನ್ನು ಎಲ್ಲಾ ಹೊರಗೆ ಬರುತ್ತೆ' ಅಂದ್ರು, ನನ್ನ ಕಿವಿಯಾರೆ ಕೇಳ್ದೆ. ಇಷ್ಟು ವರ್ಷ ಹೂಂ ಅಂದೋರು ಒಂದಿನ ಒಲ್ಲೆ ಅಂದ್ರೆ ತಡೆಯೋಕಾಗುತ್ತಾ ಸಾರ್? ಕಟ್ಟೆ ಒಡೆದ ಹಾಗೆ."

ಅವನು ಅಂದಿದ್ದು ಗಂಟೆಯವನ ವಿಷಯ. ಆದರೆ ಅದನ್ನು ಯಾರು ಕೇಳಬೇಕು? ಮಧ್ಯಾಹ್ನದೊಳಗೆ ಕಂತ್ರಾಟುದಾರನಿಗೆ ಸುದ್ದಿ ಮುಟ್ಟಿತು. ಅವನು ಬಿದ್ದಂಬೀಳ ಓಡಿಬಂದು ಹೂಂರಾಯನ ಮೇಜಿನ ಮುಂದೆ ಕೈ ಹಿಸುಕಿಕೊಳ್ಳುತ್ತಾ ನಿಂತ. ಕಂತ್ರಾಟುದಾರನಂಥವನು ತನ್ನೆದುರು ಹೀಗೆ ನಿಂತಿರಬೇಕಾದರೆ ತನಗೇನೋ ಭಾರಿ ಕೇಡು ಕಾದಿದೆ ಅಂತ ಹೂಂರಾಯನಿಗೂ ನಡುಕ ಹುಟ್ಟಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಬೆವರಿದರು.

"ಸಾರ್, ಏನೋ ಪುಸ್ತಕ ಓದ್ತಿದೀರಂತೆ."

"ಹೂಂ."

"ಭಾನುವಾರ ಅದರ ಬಗ್ಗೆ ಮಾತಾಡ್ತೀರಂತೆ. ಎಲ್ಲಾರ ಮುಂದೆ."

"ಹೂಂ."

"ಎಲ್ಲಾ ಹೇಳ್ಬಿಡ್ತೀರಾ ಸಾರ್?"

"ಹೂಂ," ಅಂದ ಹೂಂರಾಯ ಸಂಕಟದಿಂದ.

ಕಂತ್ರಾಟುದಾರ ಬುದ್ಧಿವಂತ. ಶತ್ರುವನ್ನು ಹೊರಗಿಡುವುದಕ್ಕಿಂತ ಮನೆಯೊಳಗೆ ಕೂರಿಸಿಕೊಳ್ಳುವುದು ಲೇಸು ಅಂತ ಲೆಕ್ಕ ಹಾಕಿದ. "ಹಾಗಾದ್ರೆ ನಮ್ಮ ಕಟ್ಟಡದಲ್ಲೇ ಆಗ್ಲಿ ಸಾರ್! ಹತ್ತನೇ ಮಹಡೀಲಿ ಭರ್ಜರಿ ಹಾಲ್ ಇದೆ. ನಿಮ್ಮ ಭಾವನವರಿಗೆ ನಾನೇ ಹೇಳ್ತೀನಿ. ವಯಸ್ಸಾದೋರು ಬಂದ್ರೂ ತೊಂದರೆ ಇಲ್ಲ, ನೀವೇ ಸ್ವತಃ ಹತ್ತಿ ಇಳಿದು ನೋಡಿರೋ ಲಿಫ್ಟ್ ಇದೆಯಲ್ಲ!"

ಹೂಂರಾಯ ಬೇಡ ಅನ್ನಬೇಕಿತ್ತು. ಬಾಯಿಂದ ಬಂದದ್ದು ಅದೇ ಹಾಳು 'ಹೂಂ'.

ಅಲ್ಲಿಂದ ಭಾನುವಾರದವರೆಗೆ ಅವನು ಪಟ್ಟ ಪಾಡು ಶತ್ರುವಿಗೂ ಬೇಡ. ಹೆಂಡತಿ ಅವನ ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕಿಟ್ಟಳು. ಅಕ್ಕಪಕ್ಕದ ಮನೆಗಳಿಗೆ ಹೋಗಿ, "ನಮ್ಮನೆಯವರ ಭಾಷಣ ಇದೆ, ಬನ್ನಿ," ಅಂತ ಕರೆದು ಬಂದಳು. ಊಟಕ್ಕೆ ಕೂತಾಗ, "ಎರಡು ಸಲ ಓದಿದೀರಿ, ಒಂದಿನವಾದ್ರೂ ನನ್ನತ್ರ ಹೇಳಿಲ್ಲ. ಎಂಥಾ ಮೂಗ ನೀವು!" ಅಂತ ಗದರಿ, ಗದರಿದ್ದಕ್ಕೆ ತಾನೇ ನಕ್ಕು, ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಅವನು ಅದಕ್ಕೂ ಹೂಂ ಅಂದ.

ಭಾನುವಾರ ಸಂಜೆ ಕಟ್ಟಡದ ಕೆಳಗೆ ಜನ ಸೇರಿದರು. ಭಾವ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಕೋಲೂರಿಕೊಂಡು ಬಂದಿದ್ದರು. ದೊಡ್ಡ ಇನ್ಸ್‌ಪೆಕ್ಟರು ರಜೆಯ ದಿನವೂ ಟೈ ಕಟ್ಟಿಕೊಂಡು, ಯಾರೋ ತಮ್ಮನ್ನು ಹಿಡಿಯಲು ಬಂದಿದ್ದಾರೇನೋ ಅಂತ ಕಣ್ಣಾಡಿಸುತ್ತಿದ್ದರು. ಕಂತ್ರಾಟುದಾರ ಲಿಫ್ಟಿನ ಬಾಗಿಲಲ್ಲಿ ನಿಂತು, "ಬನ್ನಿ, ಬನ್ನಿ, ಇವರೇ ಪರೀಕ್ಷೆ ಮಾಡಿದ್ದು!" ಅಂತ ಹೂಂರಾಯನನ್ನು ತೋರಿಸಿ ತೋರಿಸಿ ಜನರನ್ನು ಒಳಗೆ ಬಿಡುತ್ತಿದ್ದ. ಭಾವ ಹೋದರು. ಬಳಗದ ಇಬ್ಬರು ಹೋದರು. ಹೆಂಡತಿ ಹೋಗಿ, ಬಲಗಡೆ ಮೂಲೆಯಲ್ಲಿ ನಿಂತು, "ಬನ್ರೀ, ಜಾಗ ಇದೆ," ಅಂತ ಕೈ ಬೀಸಿದಳು.

ಹಿಂದಿನ ವಾರ ಅದೇ ಮೂಲೆಯಲ್ಲಿ ಒಂದು ಮರಳಿನ ಮೂಟೆ ಇತ್ತು.

ಮೂಟೆಗಳನ್ನು ಕಳಿಸುವಾಗ ಹೂಂರಾಯನಿಗೆ ಇಂಥ ಹೆದರಿಕೆ ಆಗಿರಲಿಲ್ಲ. ಮೂಟೆ ಬಿದ್ದರೆ ಮರಳು ಚೆಲ್ಲುತ್ತದೆ, ಅಷ್ಟೇ ತಾನೆ? ಈಗ ಅಲ್ಲಿ ಅವಳು ನಿಂತಿದ್ದಳು, ಹೊಸ ಸೀರೆಯುಟ್ಟು, ಆ ಬೆಳಕನ್ನು ಮುಖದ ಮೇಲಿಟ್ಟುಕೊಂಡು. ಬಾಗಿಲು ಮುಚ್ಚಲು ಹೊರಟಿತು. ಅವನ ಗಂಟಲಿನಿಂದ ಯಾರೋ ಕೂಗಿದರು:

"ಒಲ್ಲೆ! ಇಳೀರಿ! ಎಲ್ಲಾರೂ ಇಳೀರಿ!"

ಕೂಗಿದ್ದು ತಾನೇ ಅಂತ ಗೊತ್ತಾಗಿ ಹೂಂರಾಯನೇ ಬೆಚ್ಚಿದ. ದೊಡ್ಡ ಇನ್ಸ್‌ಪೆಕ್ಟರು ಗೋಡೆ ಹಿಡಿದುಕೊಂಡರು. ಕಂತ್ರಾಟುದಾರ, "ಮುಗೀತು ನನ್ನ ಕಥೆ," ಅಂತ ಕರವಸ್ತ್ರ ತೆಗೆದ. ಒಳಗಿದ್ದವರು ದಡಬಡ ಹೊರಗೆ ಬಂದರು. ಕೊನೆಗೆ ಭಾವನೇ ಹಣೆಗೆ ಕೈ ಬಡಿದುಕೊಂಡು ಉದ್ಗರಿಸಿದರು:

"ಆಹಾ! ಅರ್ಥವಾಯ್ತು! ಕಾದಂಬರಿಯ ತಿರುಳೇ ಅದು! ಮನುಷ್ಯ ಇನ್ನೊಂದರ ಹಂಗಿನಲ್ಲಿ ಮೇಲಕ್ಕೆ ಹೋಗಬಾರದು, ಸ್ವಂತ ಕಾಲಿನ ಮೇಲೆ ಹೋಗಬೇಕು! ಭಾಷಣ ಇಲ್ಲಿಂದಲೇ ಶುರುವಾಯ್ತು ಕಣ್ರಪ್ಪಾ! ನಡೀರಿ!"

ತತ್ತ್ವ ಅಂದ ಮೇಲೆ ಇಲ್ಲ ಅನ್ನುವವರು ಯಾರು? ಹೂಂರಾಯ ಮುಂದೆ, ಅವನ ಹಿಂದೆ ಇಡೀ ಬಳಗ. ಎರಡನೇ ಮಹಡಿಯವರೆಗೆ ಎಲ್ಲರೂ ವ್ಯಕ್ತಿಸ್ವಾತಂತ್ರ್ಯದ ಬಗ್ಗೆ ಮಾತಾಡಿದರು. ನಾಲ್ಕನೆಯದರಲ್ಲಿ ಮಾತು ನಿಂತಿತು. ಆರನೆಯದರಲ್ಲಿ ಭಾವ ಮೆಟ್ಟಿಲ ಮೇಲೆ ಕೂತು, "ಸ್ವಂತ ಕಾಲು ಅಂದ್ರೆ ಎರಡೂ ಕಾಲೇ ಆಗ್ಬೇಕು ಅಂತೇನಿಲ್ಲ," ಅಂದು ಒಂದು ಕಾಲನ್ನು ನೀವಿಕೊಂಡರು. ಎಂಟನೆಯದರಲ್ಲಿ ದೊಡ್ಡ ಇನ್ಸ್‌ಪೆಕ್ಟರು ಟೈ ಬಿಚ್ಚಿ ಜೇಬಿಗೆ ತುರುಕಿದರು. ಬಳಗದಲ್ಲೆಲ್ಲ ಹಿರಿಯರಾದ ಅಜ್ಜಿಯೊಬ್ಬರನ್ನು ಮಾತ್ರ ಕುರ್ಚಿಯಲ್ಲಿ ಕೂರಿಸಿ, ಭಾಷಣ ಕೇಳಲು ಬಂದಿದ್ದ ಮಿಸ್ತ್ರಿ ಮತ್ತು ಕಂತ್ರಾಟುದಾರ ಹೊತ್ತು ತಂದರು. ಅಜ್ಜಿ ದಾರಿಯುದ್ದಕ್ಕೂ, "ಲಿಫ್ಟ್ ಇತ್ತಲ್ಲಪ್ಪಾ, ಲಿಫ್ಟ್ ಇತ್ತಲ್ಲ," ಅನ್ನುತ್ತಲೇ ಇದ್ದರು.

ಮೇಲಿನ ಹಾಲ್‌ನಲ್ಲಿ ಎಲ್ಲರೂ ಉಸಿರು ಕೂಡಿಸಿಕೊಳ್ಳುವುದಕ್ಕೇ ಬಹಳ ಹೊತ್ತಾಯಿತು. ಆಮೇಲೆ ಭಾವ ಪರಿಚಯ ಮಾಡಿಕೊಟ್ಟರು. ಹೂಂರಾಯ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ನಿಂತ. ಮೊದಲ ಸಾಲಿನಲ್ಲಿ ಹೆಂಡತಿ. ಅವಳ ಪಕ್ಕ ಅಕ್ಕಪಕ್ಕದ ಮನೆಯವರು.

"ಒಬ್ಬ ಗಂಟೆ ಎರಕ ಹೊಯ್ಯೋನು," ಅಂದ. "ದೊಡ್ಡೋರು ಬಂದು ಸೀಸ ಬೆರೆಸು ಅಂದ್ರು. ಒಲ್ಲೆ ಅಂದ." ಇನ್ನು ಹೇಳಲು ಏನೂ ಇರಲಿಲ್ಲ. "ನನಗೆ ಬಹಳ ಭಯ ಆಗುತ್ತೆ," ಅಂದು ಕೂತುಬಿಟ್ಟ.

ಮೊದಲು ಒಂದು ಚಪ್ಪಾಳೆ, ಹಿಂದೆಯೇ ಮಳೆ ಬಂದಂತೆ ಚಪ್ಪಾಳೆ. "ಎಂಟುನೂರು ಪುಟವನ್ನ ನಾಲ್ಕು ಮಾತಲ್ಲಿ!" ಅಂತ ಭಾವ ಕಣ್ಣೊರೆಸಿಕೊಂಡರು. "ನಾನು ಮೂವತ್ತು ವರ್ಷ ಪಾಠ ಮಾಡಿದೆ, ಇಷ್ಟು ಚಿಕ್ಕದಾಗಿ ಹೇಳೋದಕ್ಕೆ ಬರ್ಲಿಲ್ಲ. ಪ್ರಶ್ನೆಗಳಿದ್ರೆ ಕೇಳಿ."

ಹೂಂರಾಯ ಬದುಕಿದೆ ಅಂದುಕೊಂಡ. ಅಷ್ಟರಲ್ಲಿ ಅಜ್ಜಿ ಕೈ ಎತ್ತಿದರು.

"ನಂದು ತತ್ತ್ವದ ಪ್ರಶ್ನೆ ಅಲ್ಲಪ್ಪ. ಇಳಿಯೋವಾಗ ನಾನಂತೂ ಲಿಫ್ಟಲ್ಲೇ ಹೋಗೋದು. ಈ ಹುಡುಗರು ನನ್ನ ಎರಡು ಸಲ ಬೀಳಿಸೋದ್ರಲ್ಲಿದ್ರು. ನೀನು ಅದರೊಳಗೆ ಹೋಗಿ ಬಂದಿದೀಯಲ್ಲ, ಹಿಡ್ಕೊಳ್ಳೋಕೆ ಒಳಗೆ ಕಂಬಿ ಇದೆಯಾ?"

ಇಷ್ಟು ಸಣ್ಣ ಪ್ರಶ್ನೆ. ಕಂಬಿ ಇದೆಯೋ ಇಲ್ಲವೋ ಹೂಂರಾಯನಿಗೆ ಗೊತ್ತಿರಲಿಲ್ಲ. ಮೂಟೆಗಳಿಗೆ ಕಂಬಿ ಬೇಕಿರಲಿಲ್ಲ, ಅವನು ನೋಡಿರಲಿಲ್ಲ. 'ಹೂಂ' ನಾಲಗೆಯ ತುದಿಗೆ ಬಂದು ನಿಂತಿತು. ಹೂಂ ಅಂದರೆ ಮುಗಿದುಹೋಗುತ್ತದೆ. ಅಜ್ಜಿ ಲಿಫ್ಟಿಗೆ ಹೋಗುತ್ತಾರೆ, ಅವರ ಹಿಂದೆ ಹೆಂಡತಿ ಹೋಗುತ್ತಾಳೆ, ಅದೇ ಮೂಲೆಯಲ್ಲಿ ನಿಲ್ಲುತ್ತಾಳೆ.

"ಗೊತ್ತಿಲ್ಲಮ್ಮ," ಅಂದ. "ನಾನು ಹತ್ತಿಲ್ಲ. ಯಾವ ಲಿಫ್ಟನ್ನೂ ಹತ್ತಿಲ್ಲ. ಹತ್ತಿದೀನಿ ಅಂತ ಬರೆದಿದೀನಿ. ಒಳಗೆ ಹೋಗಿದ್ದು ಮೂಟೆ."

ಭಾವ ಎರಡು ಕ್ಷಣ ತಬ್ಬಿಬ್ಬಾದರು. ಆಮೇಲೆ ಮುಖ ಅರಳಿತು. "ಮೂಟೆ! ಎಂಥ ರೂಪಕ! ನಾವೇ ಆ ಮೂಟೆಗಳು! ಯಾರೋ ಗುಂಡಿ ಒತ್ತುತ್ತಾರೆ, ನಾವು ಮೇಲೆ ಹೋಗ್ತೀವಿ, ಕೆಳಗೆ ಬರ್ತೀವಿ!" ಮತ್ತೆ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ದೊಡ್ಡ ಇನ್ಸ್‌ಪೆಕ್ಟರು. "ರೂಪಕ, ರೂಪಕ! ಬರೀ ರೂಪಕ!" ಅಂತ ಕಂತ್ರಾಟುದಾರನ ಬೆನ್ನು ಚಪ್ಪರಿಸಿದರು.

ಚಪ್ಪಾಳೆ ತಟ್ಟದೆ ಇದ್ದವಳು ಒಬ್ಬಳೇ. ಮಗಳು ಹುಟ್ಟಿದ ದಿನ ಆಸ್ಪತ್ರೆಯ ಐದನೇ ಮಹಡಿಗೆ ಈ ಮನುಷ್ಯ ಬೆವರಿ ನೀರಾಗಿ ಬಂದು ನಿಂತದ್ದು ಅವಳಿಗೆ ನೆನಪಿತ್ತು. ಪ್ರೀತಿ ಅಂದುಕೊಂಡಿದ್ದಳು. ಅವಳು ಎದ್ದಳು.

"ಬನ್ನಿ."

"ಎಲ್ಲಿಗೆ?"

"ಲಿಫ್ಟಿಗೆ. ಹತ್ತಿ ಇಳಿದಿದೀನಿ ಅಂತ ಬರೆದಿದೀರಲ್ಲ, ಇಳೀರಿ. ಅಜ್ಜಿ ಹೋಗೋಕೆ ಮುಂಚೆ ನೀವು ಹೋಗಿ. ನಾನೂ ಬರ್ತೀನಿ."

ಅವನು ಬೇಡ ಅನ್ನುವುದರೊಳಗೆ ಅವಳು ಮುಂದೆ ಹೋಗಿಯಾಗಿತ್ತು. ಅವಳೊಬ್ಬಳನ್ನೇ ಕಳಿಸುವುದಕ್ಕಿಂತ ಜೊತೆಗೇ ಸಾಯುವುದು ವಾಸಿ ಅಂತ ಹೂಂರಾಯ ಕಣ್ಣು ಮುಚ್ಚಿ ಒಳಗೆ ಕಾಲಿಟ್ಟ. ಬಾಗಿಲು ಮುಚ್ಚಿತು. ಕಾಲಡಿಯ ನೆಲ ಮೆಲ್ಲಗೆ ಜಾರಿತು. "ಅಯ್ಯೋ ಅಮ್ಮಾ!" ಅಂತ ಪುಸ್ತಕ ಅಪ್ಪಿಕೊಂಡು ಹಿಂದಕ್ಕೆ ಸರಿದು, ಬಾಗಿಲಿಗೆ ಬೆನ್ನು ಕೊಟ್ಟು ಒರಗಿದ.

ಟಕ್ ಅಂತ ಸದ್ದಾಗಿ ಲಿಫ್ಟು ನಿಂತುಹೋಯಿತು.

ಅವನು ಕೂಗಿದ ಕೂಗು ಹತ್ತೂ ಮಹಡಿಗೆ ಕೇಳಿಸಿತಂತೆ. ಕೂಗಿ ಕೂಗಿ ಸುಸ್ತಾಗಿ ನೆಲಕ್ಕೆ ಕುಸಿದ. ಬೀಳುತ್ತದೆ, ಈಗ ಬೀಳುತ್ತದೆ ಅಂತ ಕಾದ. ಬೀಳಲಿಲ್ಲ. ದೀಪ ಉರಿಯುತ್ತಿತ್ತು. ಹೆಂಡತಿ ಆ ಮೂಲೆಯಲ್ಲಿ ಕಂಬಿ ಹಿಡಿದು ನಿಂತಿದ್ದಳು. ಕಂಬಿ ಇತ್ತು.

"ಪುಸ್ತಕ ಓದಿದೀನಿ ಅಂದಿದ್ದು?" ಅಂತ ಕೇಳಿದಳು.

"ಹನ್ನೊಂದು ಪುಟ."

"ಎರಡು ಸಲ ಅಂದಿದ್ದು?"

"ಹನ್ನೊಂದು ಪುಟಾನ ಬಹಳ ಸಲ ಓದಿದೀನಿ ಕಣೇ," ಅಂದ ದೀನನಾಗಿ.

ಅವಳು ಮುಖ ಆ ಕಡೆ ತಿರುಗಿಸಿದಳು. ಅಣ್ಣನ ಮುಂದೆ, ನೆರೆಯವರ ಮುಂದೆ ತಲೆ ಎತ್ತಿ ನಿಂತಿದ್ದು ಒಂದೇ ವಾರ. ಅವಳ ಮುಖದ ಬೆಳಕು ಆರಿದ್ದನ್ನು ಹೂಂರಾಯ ಕಣ್ಣಾರೆ ಕಂಡ. ಲಿಫ್ಟು ಬಿದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಹೆದರಿಕೆಯಲ್ಲಿ ಪಂಡಿತನಾದ ಅವನಿಗೂ ಇಂಥ ಹೆದರಿಕೆ ಹೊಸದು.

ಮೇಲೆ ಯಂತ್ರದ ಕೋಣೆಯಲ್ಲಿ ಮಿಸ್ತ್ರಿ ಏನೋ ತಡಕಾಡಿ, ಕೆಳಗಿಳಿದು ಬಂದು, ಕೊನೆಗೂ ಬಾಗಿಲು ಬಿಡಿಸಿದ. ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತ್ತು. ಅವರ ತಲೆಯ ಎತ್ತರಕ್ಕೆ ಮೇಲಿನ ಮಹಡಿಯ ನೆಲ, ನೆಲದ ಮೇಲೆ ಸಾಲಾಗಿ ಜನರ ಚಪ್ಪಲಿ, ಬೂಟು. ಒಂದು ಜೊತೆ ದೊಡ್ಡ ಬೂಟು ಮುಂದೆ ಬಂದು, ಅದರ ಮೇಲಿನಿಂದ ದೊಡ್ಡ ಇನ್ಸ್‌ಪೆಕ್ಟರ ಮುಖ ಬಗ್ಗಿ ಇಣುಕಿತು.

"ಏನಾಯ್ತ್ರೀ?"

ಹೂಂರಾಯ ಎದ್ದು ಬಾಗಿಲಿನ ಅಂಚನ್ನು ಬೆರಳಿನಿಂದ ಒತ್ತಿ ನೋಡಿದ. ಒಳಗೆ ಏನೋ ಸಡಿಲವಾಗಿ ಅಲುಗಾಡಿತು. "ಬಾಗಿಲಿನ ಕೊಂಡಿ ಸಡಿಲ ಸಾರ್. ಒಳಗಿಂದ ಯಾರಾದ್ರೂ ಒರಗಿದ್ರೆ ಲಿಫ್ಟು ನಡುವೆ ನಿಂತುಬಿಡುತ್ತೆ. ಮೂಟೆ ಒರಗಲ್ಲ ಸಾರ್. ಮನುಷ್ಯ ಒರಗ್ತಾನೆ. ನಾನು ಹತ್ತಿದ್ರೆ ಅವತ್ತೇ ಗೊತ್ತಾಗ್ತಿತ್ತು."

"ಅಷ್ಟೇ ತಾನೆ?" ದೊಡ್ಡ ಇನ್ಸ್‌ಪೆಕ್ಟರು ದನಿ ತಗ್ಗಿಸಿದರು. "ಮಿಸ್ತ್ರಿ ಬಿಗಿ ಮಾಡ್ತಾನೆ ಬಿಡಿ. ನೀವು ಬರೆದಿರೋದು ಹಾಗೇ ಇರ್ಲಿ. ರೂಪಕ ರೂಪಕವಾಗೇ ಇರ್ಲಿ. ಯಾರಿಗೂ ಗೊತ್ತಾಗಲ್ಲ. ಏನಂತೀರಿ? ಹೂಂ ಅನ್ನಿ, ಕೈ ಕೊಡಿ, ಮೇಲಕ್ಕೆ ಎಳ್ಕೋತೀನಿ."

ದಪ್ಪನೆಯ ಕೈ ಕೆಳಗೆ ಚಾಚಿತು. ಹೂಂರಾಯ ಆ ಕೈ ನೋಡಿದ. ಕೆಲಸ ಹೋದೀತು. ಇಷ್ಟು ವರ್ಷ ಹಾಕಿದ ಸಹಿಯೆಲ್ಲ ಸಾಲಾಗಿ ಬಂದು ಎದುರಿಗೆ ನಿಂತೀತು. ಎಲ್ಲ ಲಿಫ್ಟುಗಳನ್ನೂ ಮತ್ತೆ ಹತ್ತಬೇಕಾದೀತು, ಅಯ್ಯೋ ದೇವರೇ, ಎಲ್ಲವನ್ನೂ! ಅವನು ಮೂಲೆಯ ಕಡೆ ತಿರುಗಿ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ.

"ಒಲ್ಲೆ ಸಾರ್," ಅಂದ.

ರೂಪಕ ಅನ್ನಲು ಭಾವನೂ ಬಾಯಿ ತೆರೆಯಲಿಲ್ಲ. ಕೈ ಮೆಲ್ಲಗೆ ಮೇಲಕ್ಕೆ ಹೋಯಿತು.

ಹೂಂರಾಯನ ಕಾಲಲ್ಲಿದ್ದ ಬಲವೆಲ್ಲ ಆ ಒಂದು ಮಾತಿಗೇ ಖರ್ಚಾಗಿಹೋಗಿತ್ತು. ಲಿಫ್ಟಿನ ಗೋಡೆಗೆ ಒರಗಿ ಮತ್ತೆ ನೆಲದ ಮೇಲೆ ಕೂತುಬಿಟ್ಟ. ಸೀರೆಯ ಸರಸರ ಸದ್ದಾಯಿತು. ಹೆಂಡತಿ ಮೂಲೆ ಬಿಟ್ಟು ಬಂದು ಅವನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗಿಸಿ ಕೂತಿದ್ದಳು.

"ಅಕ್ಕಾ, ಮೊದ್ಲು ನೀವು ಬನ್ನಿ, ಸ್ಟೂಲ್ ಕೊಡ್ತೀನಿ," ಅಂದ ಮಿಸ್ತ್ರಿ ಮೇಲಿನಿಂದ.

"ಸ್ವಲ್ಪ ತಡಿಯಪ್ಪ," ಅಂದಳು ಅವಳು.

ಹೂಂರಾಯ ಪುಸ್ತಕವನ್ನು ಅವಳ ಮಡಿಲಿಗಿಟ್ಟು, ಮಡಚಿಟ್ಟಿದ್ದ ಹನ್ನೊಂದನೇ ಪುಟ ತೆರೆದ. "ನನ್ನ ಕೈಲಾಗಲ್ಲ ಕಣೇ, ನೀನೇ ತಿರುಗಿಸು," ಅಂದ. "ಒಲ್ಲೆ ಅಂದೋನಿಗೆ ಆಮೇಲೆ ಏನಾಯ್ತು ಅಂತ ಬೇಗ ನೋಡಿ ಹೇಳು. ಈಗ ನನಗದು ಗೊತ್ತಾಗಲೇಬೇಕು."

ಅವಳು ಬೆರಳಿಗೆ ಎಂಜಲು ಹಚ್ಚಿಕೊಂಡು ಪುಟ ತಿರುಗಿಸಿದಳು.